ಹುಳದ ಮನೆಯ ಮಾಡದಲ್ಲಿ ಉಳಿದ ಪೊಟ್ಟಣ

ಹೋದ ತಿಂಗಳು ಮೊಮ್ಮಗಳು ಸುಧಾಳ ಜೊತೆ ಮಂಡ್ಯದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಅವಳ ಗಂಡುಕೂಸಿಗೆ ಆಗ ನಾಲ್ಕು ದಿನ. ಡಾಕ್ಟರಮ್ಮ ನನ್ನ ಮೊಮ್ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು, ಅಷ್ಟೇ. ಮೊದಲು ಕೈ ತೊಳೆದಳು, ಆಮೇಲೆ ಕೂಸನ್ನು ಮುಟ್ಟಿದಳು. ಅದನ್ನು ನೋಡಿಯೇ ನನಗೆ ಅವಳ ಮೇಲೆ ಅರ್ಧ ನಂಬಿಕೆ ಬಂತು. ಕಣ್ಣು ನೋಡಿದಳು, ಎದೆ ಬಡಿತ ಕೇಳಿದಳು, ಕಾಲು ಮಡಚಿ ಬಿಡಿಸಿದಳು. ಕೊನೆಗೆ, "ಹೊಕ್ಕುಳಿಗೆ ಏನೂ ಹಾಕಬೇಡಿ. ಪೌಡರು ಬೇಡ, ಎಣ್ಣೆ ಬೇಡ, ಅರಿಶಿನ ಬೇಡ. ಒಣಗಿರಲಿ, ತಾನಾಗೇ ಬೀಳುತ್ತೆ. ಎದೆಹಾಲು ಬಿಟ್ಟು ಬೇರೇನೂ ಕುಡಿಸಬೇಡಿ. ಹಾಲು ಚೀಪೋದು ಬಿಟ್ಟರೆ ಮಾತ್ರ ಒಂದು ಗಳಿಗೆಯೂ ಕಾಯದೆ ಕರಕೊಂಡು ಬನ್ನಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ ನಗುತ್ತಾ ಕೇಳಿದಳು: "ನಿಮ್ಮ ಕಾಲದಲ್ಲಿ ಏನು ಹಾಕ್ತಿದ್ರಿ ಅಜ್ಜಿ?"

ನನಗೆ ಬಾಯಿ ಜಾಸ್ತಿ ಅಂತ ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಅವತ್ತು ಮಾತ್ರ ಒಂದೇ ಮಾತಿನಲ್ಲಿ, "ಏನೇನೋ ಹಾಕ್ತಿದ್ವಿ ಬುಡಮ್ಮ" ಅಂದು ಎದ್ದೆ.

ಹೊರಗೆ ಬೆಂಚಿನ ಮೇಲೆ ಮಳವಳ್ಳಿ ಕಡೆಯ ಒಬ್ಬಳು ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಹಾದು ಹೋಗುವಾಗ ಅವಳ ಸೀರೆಯಿಂದ ಆ ವಾಸನೆ ಬಂತು. ಹಸಿ ರೇಷ್ಮೆಸೊಪ್ಪು, ಹುಳದ ಹಿಕ್ಕೆ, ಸುಣ್ಣ, ಮೂರೂ ಬೆರೆತ ವಾಸನೆ. ರೇಷ್ಮೆಹುಳ ಸಾಕಿದ ಮನೆಯವರಿಗೆ ಅದು ಸಾಯೋವರೆಗೂ ಮರೆಯಲ್ಲ. ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಸುಧಾ ಗಾಬರಿಯಾಗಿ, "ಬಿಸಿಲಿಗೆ ತಲೆ ಸುತ್ತಿರಬೇಕು" ಅಂದಳು. ಹೌದು ಅಂದೆ.

ನಾನು ಯಲಿಯೂರಿನ ಹುಡುಗಿ. ಅಪ್ಪ ರೈಲು ಹಳಿ ಕೆಲಸದ ಗ್ಯಾಂಗಿನಲ್ಲಿದ್ದ. ನಾಲ್ಕನೇ ಕ್ಲಾಸಿನ ತನಕ ಓದಿಸಿದ. ನಾಲೆ ನೀರು ಬಂದ ಮೇಲೆ ನಮ್ಮ ಕಡೆ ಗದ್ದೆಯೂ ಬಂತು, ಚಳಿಜ್ವರವೂ ಬಂತು. ಆ ಜ್ವರದಲ್ಲೇ ನಮ್ಮವ್ವ ಹೋದಳು. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ ನನ್ನನ್ನು ಮಳವಳ್ಳಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಅನ್ನೋದು ಪದ್ಧತಿ. ಅವ್ವನಿಲ್ಲದ ತವರಿಗೆ ಯಾರು ಕರೀತಾರೆ? ಹಾಗಾಗಿ ಗಂಡನ ಮನೆಯಲ್ಲೇ ಆಗಲಿ ಅಂತ ತೀರ್ಮಾನ ಆಯ್ತು.

ಅತ್ತೆಯ ಹೆಸರು ದೊಡ್ತಾಯಮ್ಮ. ಊರಿಗೆಲ್ಲ ಹುಳದ ದೊಡ್ತಾಯಮ್ಮ. ಆ ಯುದ್ಧದ ವರ್ಷಗಳಲ್ಲಿ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ. ಸಿಪಾಯಿಗಳು ಆಕಾಶದಿಂದ ಕೆಳಕ್ಕೆ ಇಳಿಯೋ ಛತ್ರಿಗೆ ನಮ್ಮ ರೇಷ್ಮೆ ಹೋಗುತ್ತೆ ಅಂತ ಜನ ಹೇಳುತ್ತಿದ್ದರು. "ನಮ್ ಹುಳ ಮೇಯ್ದಿದ್ದು ಇಲ್ಲಿ, ಅದ್ರ ನೂಲ್ ಇಡ್ಕಂಡು ಅದ್ಯಾವನೋ ಎಲ್ಲೋ ಇಳೀತಾವ್ನಂತೆ" ಅಂತ ಅತ್ತೆ ನಗುತ್ತಿದ್ದರು. ಊರಲ್ಲಿ ಯಾರ ಮನೆಯ ಬೆಳೆ ಕೆಟ್ಟರೂ ನಮ್ಮ ಮನೆಯದು ಕೆಡುತ್ತಿರಲಿಲ್ಲ. ಅತ್ತೆಯ ಶಿಸ್ತು ಹಾಗಿತ್ತು. ಹುಳದ ಮನೆ ಅಂದರೆ ಅಂಗಳದ ಆಚೆಗೆ ಒಂದು ದೊಡ್ಡ ಕೋಣೆ. ಕೈಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಒಗ್ಗರಣೆ ಹಾಕಿದ ಕೈಯಲ್ಲಿ ಹೋಗುವಂತಿಲ್ಲ. ಹೊಗೆಸೊಪ್ಪು ಹಾಕಿದ ಬಾಯಲ್ಲಿ ಹೋಗುವಂತಿಲ್ಲ. ಹುಳದ ತಟ್ಟೆ ಜೋಡಿಸಿದ ಅಟ್ಟಣೆಯ ಕಾಲುಗಳು ನೀರಿನ ಬಟ್ಟಲಲ್ಲಿ ನಿಂತಿರಬೇಕು, ಇರುವೆ ಹತ್ತಬಾರದು. ಚಳಿ ಬಂದರೆ ಕೆಂಡದ ಬಾಂಡಲಿ ಇಡಬೇಕು. ಮೊಟ್ಟೆಯಿಂದ ಆಗ ತಾನೇ ಬಂದ ಮರಿಹುಳಕ್ಕೆ ಎಳೇ ಸೊಪ್ಪನ್ನು ಎಳ್ಳಿನಷ್ಟು ಸಣ್ಣಗೆ ಹೆಚ್ಚಿ ಕೊಡಬೇಕು. ಮುಟ್ಟಾದವರು, ಬಾಣಂತಿಯರು, ಸೂತಕದವರು ಆ ಬಾಗಿಲ ಕಡೆ ತಲೆ ಹಾಕಬಾರದು. ಮೈಲಿಗೆ ತಾಕಿದರೆ ಹುಳ ಕೊಳೆತು ಹೋಗುತ್ತೆ ಅನ್ನೋದು ಎಲ್ಲರ ನಂಬಿಕೆ.

ಹದಿನೈದು ದಿನಕ್ಕೊಂದು ಸಲ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಮಳವಳ್ಳಿಯಿಂದ ಒಬ್ಬರು ನರ್ಸಮ್ಮ ಬರುತ್ತಿದ್ದರು. ಹೆಸರು ಜುಲೇಕಾಬಿ. ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಸಾಬರ ಮಗಳು, ಸೂಲಗಿತ್ತಿ ಕೆಲಸ ಓದಿ ಕಲಿತು ಬಂದವರು. ಬಸುರಿಯರಿದ್ದ ಮನೆಗಳಿಗೆಲ್ಲ ನಡೆದು ಹೋಗುತ್ತಿದ್ದರು. ಜಗಲಿ ಮೇಲೆ ಕೂತು ನನ್ನ ಹೊಟ್ಟೆ ಮುಟ್ಟಿ ನೋಡಿ, ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದರು: "ಬಳ್ಳಿ ಕೊಯ್ಯೋಕೆ ಕುಡುಗೋಲು ಬೇಡಮ್ಮಾ. ಹೊಸ ಬ್ಲೇಡು, ಅದನ್ನೂ ಕುದಿಸಬೇಕು. ಕಟ್ಟೋ ದಾರಾನೂ ಕುದಿಸಬೇಕು. ಹೊಕ್ಕುಳಿಗೆ ಬೂದಿ, ಸಗಣಿ ಏನೂ ತಾಗಿಸಬೇಡಿ. ಹುಟ್ಟಿದ ತಕ್ಷಣ ಮೈ ಒರೆಸಿ ಎದೆಗೆ ಹಾಕ್ಕೊಳ್ಳಿ. ಮೊದಲನೇ ಹಾಲು ಹಳದಿ ಇರ್ತದೆ, ಅದು ಕೆಟ್ಟದ್ದಲ್ಲ. ನಿಮ್ಮ ಹಸು ಈದರೆ ಗಿಣ್ಣು ಹಾಲು ಊರಿಗೆಲ್ಲ ಹಂಚ್ತೀರಿ, ನಿಮ್ಮ ಮಗೀಗೆ ನಿಮ್ಮದನ್ನ ಹಿಂಡಿ ಚೆಲ್ತೀರಿ. ಇದು ಯಾವ ನ್ಯಾಯ ಹೇಳಿ."

ಒಂದು ದಿನ ಅತ್ತೆ ಅವರಿಗೆ ಹೆಮ್ಮೆಯಿಂದ ಹುಳದ ಮನೆ ತೋರಿಸಿದರು. ಕೈಕಾಲು ತೊಳೆಸಿಯೇ ಒಳಗೆ ಬಿಟ್ಟದ್ದು. ನರ್ಸಮ್ಮ ಸುತ್ತ ಕಣ್ಣಾಡಿಸಿ, "ದೊಡ್ತಾಯಮ್ಮಾ, ನೀವು ಹುಳಕ್ಕೆ ಮಾಡೋದರಲ್ಲಿ ಅರ್ಧ ಮೊಮ್ಮಗೂಗೆ ಮಾಡಿ. ಆಮೇಲೆ ನಾನು ಈ ಊರಿಗೆ ಬರೋದೇ ಬೇಡ" ಅಂದರು.

ಅತ್ತೆ ಬಿದ್ದು ಬಿದ್ದು ನಕ್ಕರು. "ಉಳ ಒಂದ್ ಕೆಟ್ಟ ವಾಸ್ನೆಗೆ ಸಾಯ್ತದೆ ಕಣವ್ವ. ಮನ್ಸುನ್ ಮಗ ಗಟ್ಟಿ. ನಾನು ಆರ್ ಎತ್ತಿವ್ನಿ, ಎಲ್ರ ಬಳ್ಳೀನೂ ಕುಡ್ಲಲ್ಲೇ ಕುಯ್ದಿದ್ದು."

ಆರು ಹೆತ್ತದ್ದು ನಿಜ. ಉಳಿದದ್ದು ಎರಡು, ನನ್ನ ಗಂಡ ಮತ್ತು ನಾದಿನಿ ಸಾಕಮ್ಮ. ಉಳಿದ ನಾಲ್ಕನ್ನು ಅತ್ತೆ ಹಣೆಬರಹದ ಲೆಕ್ಕಕ್ಕೆ ಬಿಟ್ಟಿದ್ದರು. ಬಾಲಗ್ರಹ ಬಂತು, ಏಳನೇ ದಿನಕ್ಕೆ ಹೋಯ್ತು ಅನ್ನುತ್ತಿದ್ದರು. ಎಲ್ಲ ಮನೆಗಳಲ್ಲೂ ಒಂದೆರಡು ಹೀಗೆ ಹೋದವು ಇರುತ್ತಿದ್ದವು.

ಅವತ್ತು ಹೋಗುವಾಗ ನರ್ಸಮ್ಮ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ಒಂದು ಬ್ಲೇಡು, ನಾಲ್ಕು ತುಂಡು ದಾರ, ಕುದಿಸಿ ಒಣಗಿಸಿದ ಬಿಳೀ ಬಟ್ಟೆ. ಉಡೋಕೇ ಬಟ್ಟೆ ಸಿಗದ ಕಾಲ ಅದು, ತಮ್ಮ ಹಳೇ ಸೀರೆಯನ್ನೇ ಹರಿದು ತಂದಿದ್ದರು. "ಚೊಕ್ಕಟವಾದ ಜಾಗದಲ್ಲಿ ಇಟ್ಟಿರಮ್ಮ. ಮಣ್ಣು, ಸಗಣಿ ತಾಗಬಾರದು" ಅಂದರು.

ಮನೆಯೆಲ್ಲ ಕಣ್ಣಾಡಿಸಿದೆ. ಅಡಿಗೆಮನೆ ಮಸಿ, ನಡುಮನೆಯಲ್ಲಿ ಧೂಳು, ಪಕ್ಕದಲ್ಲೇ ಕೊಟ್ಟಿಗೆ. ಹುಳದ ಮನೆಗಿಂತ ಚೊಕ್ಕಟವಾದ ಜಾಗ ಇನ್ನೆಲ್ಲಿತ್ತು? ಅದರ ಗೋಡೆಯಲ್ಲಿ ಎತ್ತರಕ್ಕೆ ಒಂದು ಮಾಡ ಇತ್ತು, ದೀಪ ಇಡೋಕೆ. ಕಾಲು ತೊಳೆದು ಒಳಗೆ ಹೋಗಿ ಪೊಟ್ಟಣವನ್ನು ಆ ಮಾಡದಲ್ಲಿ ಇಟ್ಟು ಬಂದೆ. ಬಹಳ ಬುದ್ಧಿವಂತಳು ಅಂದುಕೊಂಡೆ.

ಹಿಂಗಾರು ಮಳೆ ಹಿಡಿದ ದಿನಗಳು. ಸೊಪ್ಪು ಒದ್ದೆಯಾಗಿದ್ದರೆ ಹುಳಕ್ಕೆ ಆಗಲ್ಲ, ಒಂದೊಂದೇ ಎಲೆ ಒರೆಸಿ ಕೊಡಬೇಕು. ಹುಳ ಪೊರೆ ಬಿಡುವ ಮುಂಚೆ ತಿನ್ನೋದು ನಿಲ್ಲಿಸಿ, ತಲೆ ಎತ್ತಿ, ಅಲುಗಾಡದೆ ನಿದ್ದೆ ಮಾಡುತ್ತೆ. ಅದಕ್ಕೆ ಜ್ವರ ಅನ್ನುತ್ತಾರೆ. ಅಂಥ ಜ್ವರ ನಾಲ್ಕು. ನಾಲ್ಕನೆಯದರಿಂದ ಎದ್ದ ಹುಳ ಏಳೆಂಟು ದಿನ ಒಂದೇ ಸಮನೆ ತಿಂದು ಹಣ್ಣಾಗಿ ಗೂಡು ಕಟ್ಟುತ್ತೆ. ನಮ್ಮ ಹುಳ ನಾಲ್ಕನೇ ಜ್ವರದಲ್ಲಿ ಮಲಗಿದ್ದ ದಿನ ಬೆಳಿಗ್ಗೆ ನನಗೆ ನೋವು ಬಂತು. ಎಣಿಸಿದ್ದಕ್ಕಿಂತ ಎರಡು ವಾರ ಮುಂಚೆ.

ನಮ್ಮ ಯಜಮಾನರು ಸೈಕಲ್ ಹತ್ತಿ ಮಳವಳ್ಳಿಗೆ ಹೋದರು. ಜುಲೇಕಾಬಿ ಬೇರೆ ಹಳ್ಳಿಗೆ ಹೆರಿಗೆಗೆ ಹೋಗಿದ್ದರಂತೆ, ಸಿಗಲಿಲ್ಲ. ಅತ್ತೆ ಕೊಟ್ಟಿಗೆಯ ಒಂದು ಮೂಲೆ ಗುಡಿಸಿ, ಹುಲ್ಲು ಹಾಸಿ, ಹಳೇ ಗೋಣಿ ಹಾಕಿ ನನ್ನನ್ನು ಅಲ್ಲಿ ಮಲಗಿಸಿದರು. ಹೆರಿಗೆಯ ಮೈಲಿಗೆ ಹುಳದ ಮನೆಗೆ ದೂರ ಇರಲಿ ಅಂತ. ಸಾಕಮ್ಮನನ್ನು ಹುಳದ ಮನೆಯ ಒಳಗೇ ಬಿಟ್ಟು, "ನೀನು ಈಚೆಗ್ ಬರ್ಬ್ಯಾಡ ಕಣಮ್ಮಿ" ಅಂತ ಬಾಗಿಲು ಎಳೆದುಕೊಂಡರು.

ಮಗು ಬಂತು. ಗಂಡು. ಜೋರಾಗಿ ಅತ್ತ. ಅತ್ತೆ ಸೂರಿಗೆ ಸಿಕ್ಕಿಸಿದ್ದ ಕುಡುಗೋಲಿಗೆ ಕೈ ಹಾಕಿದರು. ನಾನು ಮಲಗಿದ್ದಲ್ಲಿಂದಲೇ ಹೇಳಿದೆ: "ಅತ್ತೆ, ನರ್ಸಮ್ಮ ಕೊಟ್ಟ ಪೊಟ್ಟಣ ಹುಳದ ಮನೆ ಮಾಡದಲ್ಲಿ ಅದೆ."

ಅತ್ತೆ ತಮ್ಮ ಕೈ ನೋಡಿಕೊಂಡರು. "ಈ ಕೈಲಿ ಅಲ್ಲಿಗ್ ಎಂಗಮ್ಮಿ ಓಗ್ಲಿ? ನಾಳೀಕೆ ಉಳ ಏಳ್ತದೆ. ಏನೂ ಆಗಾಕಿಲ್ಲ ಸುಮ್ನಿರು. ನಿನ್ ಗಂಡನ್ ಬಳ್ಳೀನೂ ಇದ್ರಲ್ಲೇ ಕುಯ್ದಿದ್ದು" ಅಂದರು.

ಹುಳದ ಮನೆಯ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ಒಳಗೆ ಸಾಕಮ್ಮ ಇದ್ದಳು. ಒಂದು ಕೂಗು ಹಾಕಿದ್ದರೆ ಅವಳು ಬಾಗಿಲ ಸಂದಿಯಿಂದ ಪೊಟ್ಟಣ ಎಸೆಯುತ್ತಿದ್ದಳು. ಯಾರೂ ಯಾರನ್ನೂ ಮುಟ್ಟಬೇಕಾಗಿರಲಿಲ್ಲ. ಹುಳಕ್ಕೂ ಏನೂ ಆಗುತ್ತಿರಲಿಲ್ಲ. ಅದು ನನಗೆ ಹೊಳೆದಿತ್ತು. ನಾಲಿಗೆ ತುದಿಯವರೆಗೂ ಬಂದಿತ್ತು. ಹೊಸ ಸೊಸೆ ಎರಡನೇ ಸಲ ಹೇಳಿದರೆ ಎದುರು ಮಾತಾಡಿದ ಹಾಗಾಗುತ್ತೆ ಅಂತ ನುಂಗಿಕೊಂಡೆ. ಇವತ್ತು ನನ್ನ ಬಾಯಿ ಜಾಸ್ತಿ ಅನ್ನೋರಿಗೆ ಹೇಳ್ತೀನಿ, ಆ ದಿನ ಕಮ್ಮಿ ಆದದ್ದಕ್ಕೆ ಆಮೇಲೆ ಜಾಸ್ತಿ ಆಯ್ತು.

ಅತ್ತೆ ಕುಡುಗೋಲಲ್ಲಿ ಬಳ್ಳಿ ಕೊಯ್ದು, ಸೆರಗಿನ ದಾರ ಎಳೆದು ಕಟ್ಟಿ, ಬೆರಣಿಯ ಬೂದಿಯನ್ನು ಹೊಕ್ಕುಳಿಗೆ ಒತ್ತಿದರು. ಬಹಳ ಅಕ್ಕರೆಯಿಂದ ಒತ್ತಿದರು, ನೋವಾಗದ ಹಾಗೆ. ಅದನ್ನೂ ಹೇಳಬೇಕು. ದ್ವೇಷದಿಂದ ಮಾಡಿದ್ದರೆ ನನಗೆ ಬದುಕು ಸುಲಭ ಆಗುತ್ತಿತ್ತು.

ಮೂರು ದಿನ ಹಾಲು ಕೊಡಬಾರದು, ಹರಳೆಣ್ಣೆ, ಬೆಲ್ಲದ ನೀರು ನೆಕ್ಕಿಸಬೇಕು ಅಂದರು. ಈ ವಿಷಯದಲ್ಲಿ ಮಾತ್ರ ನಾನು ನರ್ಸಮ್ಮನ ಮಾತು ಕೇಳಿದೆ, ಕಳ್ಳತನದಿಂದ. ಅತ್ತೆ ಸೊಪ್ಪು ಕುಯ್ಯೋಕೆ ಹೋದಾಗ ಕೂಸನ್ನು ಎದೆಗೆ ಹಾಕಿಕೊಂಡೆ. ಅಬ್ಬಾ, ಏನು ಜೋರು! ಅಷ್ಟು ಪುಟ್ಟ ಬಾಯಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಚೀಪೋವಾಗ ಮೂಗಿನಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದ. ನಡುವೆ ನಿಲ್ಲಿಸಿ ಉಸಿರು ಬಿಟ್ಟು ಮತ್ತೆ ಹಿಡಿಯುತ್ತಿದ್ದ. ಆಚೆ ಹುಳದ ಮನೆಯಲ್ಲಿ ಹುಳ ಎದ್ದಿತ್ತು. ಸಾವಿರಾರು ಹುಳ ಸೊಪ್ಪು ತಿನ್ನೋ ಸದ್ದು ಮಳೆ ಹನಿಯೋ ಹಾಗೆ ಕೊಟ್ಟಿಗೆಯವರೆಗೂ ಕೇಳುತ್ತಿತ್ತು. ಅದೂ ತಿನ್ನುತ್ತಿತ್ತು, ಇವನೂ ಕುಡಿಯುತ್ತಿದ್ದ. ಐದು ದಿನ ನಾನು ಸುಖವಾಗಿದ್ದೆ. ನನ್ನ ಮದುವೆಯಾದ ಮೇಲೆ ಅಷ್ಟು ಸುಖವಾಗಿದ್ದದ್ದು ಅದೇ ಮೊದಲು.

ಆರನೇ ದಿನ ಬೆಳಿಗ್ಗೆ ಎದೆಗೆ ಹಾಕಿಕೊಂಡೆ, ಹಿಡಿಯಲಿಲ್ಲ. ಬಾಯಿ ತೆರೆಯೋಕೆ ನೋಡುತ್ತಿದ್ದ, ಆಗುತ್ತಿರಲಿಲ್ಲ. ನನ್ನ ಬೆರಳಿನಿಂದ ತುಟಿ ಬಿಡಿಸಿ ಹಾಲು ಹಿಂಡಿದೆ, ಪಕ್ಕಕ್ಕೆ ಹರಿದು ಹೋಯ್ತು. ಮಧ್ಯಾಹ್ನದ ಹೊತ್ತಿಗೆ ಮೈ ಬಿಗಿಯಿತು. ಹಸು ಕಾಲು ಬಡಿದರೆ ಸಾಕು, ಬೆಚ್ಚಿ ಬಿಲ್ಲಿನ ಹಾಗೆ ಬಾಗುತ್ತಿದ್ದ. ಅಳೋಕೂ ಬಾಯಿ ಬರುತ್ತಿರಲಿಲ್ಲ. ಅತ್ತೆ ನೋಡಿದರು. ಹಿಂದೆ ನಾಲ್ಕು ಸಲ ನೋಡಿದ್ದ ಮುಖ ಅದು. ಓಡಿ ಹೋಗಿ ತಾಯಿತ ತಂದು ಕಟ್ಟಿದರು. ಆಮೇಲೆ ತಾವೇ ಮಗನಿಗೆ, "ಗಾಡಿ ಕಟ್ಲಾ" ಅಂದರು.

ಬಾಣಂತಿ ಬರಬಾರದು ಅಂತ ಅಕ್ಕಪಕ್ಕದವರು ಅಂದರು. ನಾನು ಗಾಡಿ ಹತ್ತಿ ಕೂತಿದ್ದೆ. ದಾರಿಯುದ್ದಕ್ಕೂ ಮಳೆ. ಗಾಡಿ ಒಂದೊಂದು ಕಲ್ಲು ಹತ್ತಿ ಇಳಿದಾಗಲೂ ಕೂಸು ಬಿಗಿಯುತ್ತಿತ್ತು. ಅತ್ತೆ ಅದರ ಕಿವಿಗಳನ್ನು ತಮ್ಮ ಎರಡು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು.

ಮಳವಳ್ಳಿ ಆಸ್ಪತ್ರೆಯಲ್ಲಿ ಜುಲೇಕಾಬಿ ಇದ್ದರು. ಕೂಸಿನ ಮೈ ಮೇಲಿನ ಬಟ್ಟೆ ಸರಿಸಿ ನೋಡಿ, "ಹೊಕ್ಕುಳಿಗೆ ಏನು ಹಾಕಿದ್ರಿ?" ಅಂದರು.

"ಬೂದಿ" ಅಂದರು ಅತ್ತೆ.

"ಪೊಟ್ಟಣ ಕೊಟ್ಟಿದ್ದೆನಲ್ಲಾ?"

ಅತ್ತೆ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಡಾಕ್ಟರು ಬಂದು ನೋಡಿ ಧನುರ್ವಾಯು ಅಂದರು. ಮಣ್ಣು, ಸಗಣಿಯಿಂದ ಗಾಯದ ಒಳಕ್ಕೆ ಹೋಗುವ ವಿಷ, ಇಷ್ಟು ಎಳೇ ಕೂಸಿನಲ್ಲಿ ನಮ್ಮ ಕೈಲಿ ಏನೂ ನಡೆಯಲ್ಲ ಅಂತ ಮೆತ್ತಗೆ ಹೇಳಿದರು. ಕಿಟಕಿಗೆ ಕಂಬಳಿ ಹಾಕಿ ಕತ್ತಲೆ ಮಾಡಿಕೊಟ್ಟರು. ಜುಲೇಕಾಬಿ ಮನೆಗೆ ಹೋಗದೆ ನನ್ನ ಪಕ್ಕದಲ್ಲೇ ಕೂತರು. ಒಂದೊಂದೇ ತೊಟ್ಟು ಹಾಲು ಹತ್ತಿಯಲ್ಲಿ ಅದ್ದಿ ತುಟಿಗೆ ಇಟ್ಟರು. ಎಂಟನೇ ದಿನ ಬೆಳಿಗ್ಗೆ ಮೈ ಸಡಿಲವಾಯ್ತು. ಮಗು ಸುಧಾರಿಸಿತು ಅಂತ ನಾನು ಅಂದುಕೊಂಡೆ. ಜುಲೇಕಾಬಿ ನನ್ನ ಕೈ ಹಿಡಿದುಕೊಂಡಾಗ ಗೊತ್ತಾಯ್ತು. ಹೆಸರಿಡೋ ಶಾಸ್ತ್ರ ಆಗಿರಲಿಲ್ಲ. ಅವನಿಗೆ ಹೆಸರೇ ಇರಲಿಲ್ಲ.

ಹೊಲದ ಬದಿಯಲ್ಲಿ ಮಣ್ಣು ಮಾಡಿ ಮನೆಗೆ ಬಂದಾಗ ಹುಳದ ಮನೆ ಸುಮ್ಮನಾಗಿತ್ತು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಶುರು ಮಾಡಿತ್ತು. ಆ ಸಲದಂಥ ಗೂಡು ನಮ್ಮ ಊರು ಕಂಡಿರಲಿಲ್ಲ. ಒಂದೂ ಕೆಟ್ಟಿರಲಿಲ್ಲ. ಊರವರು ನೋಡೋಕೆ ಬಂದು, ಏನು ಹೇಳಬೇಕೋ ತಿಳಿಯದೆ ಹಿಂದಕ್ಕೆ ಹೋದರು. ನನಗೆ ಎದೆ ಕಟ್ಟಿ, ಹಾಲು ರವಿಕೆಯೆಲ್ಲ ನೆನೆಸುತ್ತಿತ್ತು. ಹಿತ್ತಲಲ್ಲಿ ನಿಂತು ಹಿಂಡಿ ಚೆಲ್ಲುತ್ತಿದ್ದೆ. ಅದಕ್ಕಿಂತ ದೊಡ್ಡ ದುಃಖ ಹೆಂಗಸಿಗೆ ಇನ್ನೊಂದಿಲ್ಲ, ನನ್ನ ಮಟ್ಟಿಗೆ.

ಸೂತಕ ಕಳೆದು ತಲೆಗೆ ನೀರು ಹಾಕಿಕೊಂಡ ದಿನ ಹುಳದ ಮನೆಗೆ ಹೋಗಿ ಮಾಡಕ್ಕೆ ಕೈ ಹಾಕಿದೆ. ಪೊಟ್ಟಣ ಇರಲಿಲ್ಲ. ಸಾಕಮ್ಮನನ್ನು ಕೇಳಿದೆ, ಗೊತ್ತಿಲ್ಲ ಅಂದಳು. ಅತ್ತೆ ಬಿಸಾಕಿರಬೇಕು ಅಂದುಕೊಂಡೆ. ಅವರನ್ನು ಬಾಯಿ ತೆರೆದು ಬಯ್ಯಲಿಲ್ಲ, ಮನಸ್ಸಿನಲ್ಲಿ ಬಯ್ಯದ ದಿನವೂ ಇರಲಿಲ್ಲ. ಅವರ ಜೊತೆ ನನ್ನನ್ನೂ ಸೇರಿಸಿ ಬಯ್ಯುತ್ತಿದ್ದೆ. ಒಂದೇ ಒಲೆ ಮುಂದೆ ಕೂತು, ಒಂದೇ ಮೊರದಲ್ಲಿ ಸೊಪ್ಪು ಒರೆಸಿ, ಅವರೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಮತ್ತೆ ಹೆರಿಗೆ ಹತ್ತಿರ ಬಂತು. ಈ ಸಲವೂ ಹುಳ ದೊಡ್ಡದಾಗಿತ್ತು. ಒಂದು ದಿನ ಬೆಳಿಗ್ಗೆ ಅತ್ತೆ ಯಾರನ್ನೂ ಕೇಳದೆ ಹುಳದ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ಕೊಟ್ಟಿಗೆಗೆ ಸಾಗಿಸಿದರು. ಹುಳದ ಮನೆಯ ನೆಲ ತೊಳೆದು ಸುಣ್ಣ ಬಳಿದರು. ಕೆಂಡದ ಬಾಂಡಲಿ ಇಟ್ಟರು. ನಮ್ಮ ಯಜಮಾನರು, "ಏನವ್ವ ಇದು, ಬೆಳೆ ಒಂಟೋಯ್ತದೆ" ಅಂದರು.

"ಓದ್ರೆ ಓಗ್ಲಿ ಬುಡ್ಲಾ" ಅಂದರು ಅತ್ತೆ. "ಮೊದ್ಲು ನರ್ಸಮ್ಮನ್ ಕರ್ಕಬಾ."

ಜುಲೇಕಾಬಿ ಬಂದರು. ಬಾಗಿಲಲ್ಲೇ ಅತ್ತೆ ಅವರ ಕೈಗೆ ನೀರು ಹಾಕಿದರು, ಹುಳದ ಮನೆಯ ಪದ್ಧತಿಯಂತೆ. ತಾವೂ ತೊಳೆದುಕೊಂಡರು. ಆಮೇಲೆ ತಮ್ಮ ಮರದ ಪೆಟ್ಟಿಗೆಯಿಂದ ಒಂದು ಪೊಟ್ಟಣ ತಂದು ನರ್ಸಮ್ಮನ ಮುಂದೆ ಇಟ್ಟರು. ಅದೇ ಪೊಟ್ಟಣ. ಬಟ್ಟೆ ಹಳದಿಯಾಗಿತ್ತು, ಬ್ಲೇಡು ತುಕ್ಕು ಹಿಡಿದಿತ್ತು. "ಇದು ಆಗಲ್ಲ ದೊಡ್ತಾಯಮ್ಮಾ, ನಾನು ಹೊಸದು ತಂದಿದೀನಿ" ಅಂದರು ಜುಲೇಕಾಬಿ. "ಅದೂ ಇರ್ಲಿ ಕಣವ್ವ, ಪಕ್ದಲ್ಲೇ ಇರ್ಲಿ" ಅಂದರು ಅತ್ತೆ. ಆ ಮಾತು ಕೇಳಿದ ಮೇಲೆ ನನಗೆ ಅವರನ್ನು ಬಯ್ಯೋಕೆ ಆಗಲಿಲ್ಲ.

ಹೆಣ್ಣು ಹುಟ್ಟಿತು, ಸುಧಾಳ ತಾಯಿ. ಕೊಟ್ಟಿಗೆಯ ಹುಳವೆಲ್ಲ ಇರುವೆ ಮುತ್ತಿ, ಕೊಳೆತು ಹೋಯ್ತು. ಅತ್ತೆ ಅದನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಸುರಿದು, ಸ್ನಾನ ಮಾಡಿ ಬಂದು, ಕೂಸಿನ ಹೊಕ್ಕುಳನ್ನು ದೂರದಿಂದಲೇ ಬಗ್ಗಿ ನೋಡಿದರು. ಮುಟ್ಟಲಿಲ್ಲ. ಬೀಳುವವರೆಗೂ ಒಂದು ದಿನವೂ ಮುಟ್ಟಲಿಲ್ಲ.

ಡಾಕ್ಟರಮ್ಮ ಹೇಳಿದ್ದು ಅದನ್ನೇ ಅಲ್ಲವೇ, ಏನೂ ಹಾಕಬೇಡಿ ಅಂತ. ನಾವು ಆ ಬ್ಲೇಡಲ್ಲಿ ಬಳ್ಳಿ ಕೊಯ್ದು, ಆಮೇಲೆ ಏನೂ ಹಾಕದೆ ಕೈ ತೊಳೆದು ಸುಮ್ಮನೆ ಕೂತಿದ್ದರೆ ನನ್ನ ಚೊಚ್ಚಲ ಕೂಸು ಉಳಿಯುತ್ತಿತ್ತು. ಈಗಿನ ತಾಯಂದಿರಿಗೆ ಬಸುರಿನಲ್ಲೇ ಧನುರ್ವಾಯು ಬರದ ಹಾಗೆ ಸೂಜಿ ಹಾಕುತ್ತಾರಂತೆ, ಸುಧಾ ಹೇಳಿದಳು. ಮರೆಯದೆ ಹಾಕಿಸಿಕೊಳ್ಳಿ. ಹೇಳಬೇಕಾದ್ದನ್ನು ದೊಡ್ಡವರು ಅಂತ ನೋಡದೆ ಎರಡು ಸಲ ಹೇಳಿ.

ಸುಧಾಳ ಕೂಸಿನ ಆರನೇ ದಿನ ಬೆಳಿಗ್ಗೆ ನಾನು ಅವಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ತಿಂಡಿಗೆ ಕರೆದರು, ಏಳಲಿಲ್ಲ. ಊಟಕ್ಕೆ ಕರೆದರು, ಇಲ್ಲಿಗೇ ತನ್ನಿ ಅಂದೆ. ಏಳನೇ ದಿನವೂ ಕೂತೆ, ಎಂಟನೇ ದಿನವೂ ಕೂತೆ. ಎಂಟನೇ ದಿನ ಬಳ್ಳಿ ಒಣಗಿ ತಾನಾಗೇ ಬಿತ್ತು. ಸುಧಾ ಕೂಸಿಗೆ ಹಾಲು ಕೊಡುತ್ತಿದ್ದವಳು ತಲೆ ಎತ್ತಿ, "ಮೂರು ದಿನದಿಂದ ನೋಡ್ತಾ ಇದೀನಿ, ಏನಜ್ಜಿ ಹಂಗೆ ಬಗ್ಗಿ ಕೇಳ್ತಾ ಕೂತಿದ್ದೀಯಾ?" ಅಂದಳು.

"ಏನಿಲ್ಲ ಕಣಮ್ಮ" ಅಂದೆ. "ಕುಡೀತಾವ್ನೆ."